ಗೇರುಬೀಜ ನೋಡಲು ಟಾಂಜಾನಿಯಾಕ್ಕೆ: ಮೊದಲ ವ್ಯಾಪಾರ ಪ್ರವಾಸಕ್ಕೆ ಹೊರಡುವವರಿಗೆ

ನಮ್ಮದು ಕಾರ್ಕಳದ ಕಡೆಯ ಸಣ್ಣ ಬೀಜದ ಕಾರ್ಖಾನೆ. ವರ್ಷಗಟ್ಟಲೆ ನಮಗೆ ಆಫ್ರಿಕಾ ಕಾಣುತ್ತಿದ್ದದ್ದು ಪಣಂಬೂರು ಬಂದರಿನಿಂದ ಬಂದ ಕಂಟೇನರ್‌ನ ಬಾಗಿಲು ತೆಗೆದಾಗ ಮಾತ್ರ. ಮೊದಲು ಬಿಸಿ ಗಾಳಿ, ಆಮೇಲೆ ಗೋಣಿಚೀಲದ ವಾಸನೆ, ಕೊನೆಗೆ ಒಳಗಿನ ಮಾಲು. ಒಂದು ವರ್ಷ ಎರಡು ಲೋಡ್ ಕೆಟ್ಟದಾಗಿ ಬಂತು. ಆಗ ಸಾಕಪ್ಪ ಎನಿಸಿತು. ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರೋಣ ಎಂದು ಹೊರಟೆ. ಅದಕ್ಕಿಂತ ಮೊದಲು ನಾನು ದುಬೈಯಲ್ಲಿರುವ ಭಾವನ ಮನೆ ಬಿಟ್ಟರೆ ಬೇರೆ ದೇಶ ಕಂಡವನಲ್ಲ.

ಈಗ ಪರಿಚಯದವರು ಯಾರಾದರೂ ಹೊರಟರೆ ನನಗೆ ಫೋನ್ ಬರುತ್ತದೆ. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮದು ಮೀನಿನ ವ್ಯಾಪಾರ, ಮೆಷಿನ್ ಖರೀದಿ, ಬೇರೆ ಏನೇ ಇರಲಿ, ಹಂತಗಳು ಹೆಚ್ಚುಕಡಿಮೆ ಇವೇ.

ಹಂತ 1: ಯಾಕೆ ಹೋಗುವುದು ಎಂದು ಮೊದಲು ತೀರ್ಮಾನಿಸಿ

ಮೊದಲ ಸಲ ಖರೀದಿಗೆ ಹೋಗಬೇಡಿ, ನೋಡಲು ಹೋಗಿ. ಹೊರಡುವ ಹಿಂದಿನ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ಹೆಣ್ಣು ನೋಡಲು ಹೋದ ದಿನವೇ ಯಾರಾದರೂ ಕರಿಮಣಿ ಕಟ್ಟುತ್ತಾರಾ ಮಾರಾಯ?" ಖರೀದಿ ಮಾಡಿಯೇ ಬರಬೇಕು ಎಂಬ ಹಟ ತಲೆಯಲ್ಲಿದ್ದರೆ ಎದುರಿನವನಿಗೆ ಅದು ಮುಖದಲ್ಲೇ ಗೊತ್ತಾಗುತ್ತದೆ. ಟಿಕೆಟ್ಟಿಗೆ ಹಾಕಿದ ದುಡ್ಡು ಹುಟ್ಟಿಸಲು ಹೋಗಿ ಅದರ ಹತ್ತು ಪಟ್ಟು ಕಳೆದುಕೊಂಡವರನ್ನು ಕಂಡಿದ್ದೇನೆ.

ಆಮೇಲೆ ಕಾಲ ನೋಡಿ. ನಮ್ಮ ಕರಾವಳಿಯಲ್ಲಿ ಬೀಜ ಬೀಳುವುದು ಫೆಬ್ರವರಿಯಿಂದ ಮೇ. ಐವರಿ ಕೋಸ್ಟ್, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ಬೆಳೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಟಾಂಜಾನಿಯಾದ್ದು ಮಾತ್ರ ಅಕ್ಟೋಬರ್‌ನಿಂದ ಜನವರಿ. ನಮ್ಮ ಗೋದಾಮು ಖಾಲಿಯಾಗುವ ಹೊತ್ತಿಗೆ ಅಲ್ಲಿ ಹೊಸ ಮಾಲು. ಹಾಗಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಹೋಗಬೇಕು. ಮೇ ತಿಂಗಳಲ್ಲಿ ಹೋದರೆ ಮರ ನೋಡಿ ಬರಬಹುದು, ಅಷ್ಟೇ. ಬೆಳೆ ಇರುವುದು ದಕ್ಷಿಣದ ಮ್ಟ್ವಾರಾ, ಲಿಂಡಿ, ರುವುಮಾ ಕಡೆ. ಅಲ್ಲಿನ ದೊಡ್ಡ ನಗರವಾದ ದಾರ್ ಎಸ್ ಸಲಾಮ್‌ನ ಹೋಟೆಲಿನಲ್ಲಿ ಕೂತು ಮಾಲು ನೋಡಿದೆ ಎನ್ನುವುದು, ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ಅಡಿಕೆ ತೋಟ ನೋಡಿದೆ ಎಂದ ಹಾಗೆ.

ಹಂತ 2: ಅಲ್ಲಿನ ವ್ಯಾಪಾರದ ಕ್ರಮ ತಿಳಿದುಕೊಳ್ಳಿ

ಎಲ್ಲರೂ ವೀಸಾ, ಟಿಕೆಟ್ ಎಂದು ಓಡಾಡುತ್ತಾರೆ. ಇದನ್ನು ಮಾತ್ರ ಬಿಡುತ್ತಾರೆ. ನನ್ನ ಪ್ರಕಾರ ಪ್ರವಾಸದ ಅರ್ಧ ಕೆಲಸ ಇದು.

ಟಾಂಜಾನಿಯಾದಲ್ಲಿ ಹಸಿ ಬೀಜವನ್ನು, ಅಂದರೆ ಸಿಪ್ಪೆ ಸಹಿತದ ಗೇರುಬೀಜವನ್ನು, ರೈತನಿಂದ ನೇರವಾಗಿ ಕೊಳ್ಳುವಂತಿಲ್ಲ. ರೈತ ತನ್ನ ಊರಿನ ಸಹಕಾರ ಸಂಘಕ್ಕೆ ಹಾಕುತ್ತಾನೆ. ಸಂಘ ಅದನ್ನು ಗೋದಾಮಿಗೆ ಸೇರಿಸಿ ರಶೀದಿ ಪಡೆಯುತ್ತದೆ. ಆ ಮಾಲು ಹರಾಜಾಗುತ್ತದೆ. ಹರಾಜಿನಲ್ಲಿ ಕೂಗುವವರು ಅಲ್ಲಿನ ಗೇರು ಮಂಡಳಿಯಲ್ಲಿ ನೋಂದಾಯಿಸಿರಬೇಕು. ನಮ್ಮ ಅಡಿಕೆಯವರಿಗೆ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಮತ್ತು ಎಪಿಎಂಸಿ ಮಾರುಕಟ್ಟೆ ಗೊತ್ತಲ್ಲ, ಅವೆರಡನ್ನೂ ಸೇರಿಸಿ ಸರ್ಕಾರ ಬಿಗಿಯಾಗಿ ಹಿಡಿದುಕೊಂಡ ಹಾಗೆ. ಸರ್ಕಾರ ಎಷ್ಟು ಬಿಗಿ ಎಂದರೆ, 2018ರಲ್ಲಿ ಬೆಲೆಯ ಜಗಳವಾದಾಗ ಆಗಿನ ಅಧ್ಯಕ್ಷ ಜಾನ್ ಮಗುಫುಲಿ ಬೀಜ ಎತ್ತಲು ಸೈನ್ಯವನ್ನೇ ಕಳಿಸಿದ್ದರು.

ಕದ್ದುಮುಚ್ಚಿ ರೈತರಿಂದ ಕೊಳ್ಳುವುದಕ್ಕೆ ಅಲ್ಲಿ 'ಕಂಗೊಂಬ' ಎನ್ನುತ್ತಾರೆ. ಅದು ಕಾನೂನು ಪ್ರಕಾರ ಅಪರಾಧ. ಈಗ ನಿಮ್ಮ ವಾಟ್ಸಾಪ್ ತೆಗೆದು ನೋಡಿ. "ಟಾಂಜಾನಿಯಾ ಬೀಜ, ನೇರ ತೋಟದಿಂದ, ಮಾರುಕಟ್ಟೆಗಿಂತ ಕಡಿಮೆ, 30 ಪರ್ಸೆಂಟ್ ಅಡ್ವಾನ್ಸ್" ಎಂಬ ಮೆಸೇಜ್ ಬಂದಿದೆಯಾ? ಕ್ರಮ ಗೊತ್ತಿದ್ದವನಿಗೆ ಆ ಮೆಸೇಜಿನ 'ನೇರ ತೋಟದಿಂದ' ಎಂಬ ಮಾತಿಗೇ ನಗು ಬರುತ್ತದೆ. ಗೊತ್ತಿಲ್ಲದವನು ಅಡ್ವಾನ್ಸ್ ಕಳಿಸುತ್ತಾನೆ.

ಹಾಗಾದರೆ ಯಾರನ್ನು ಕಾಣಬೇಕು? ಹರಾಜಿನಲ್ಲಿ ಕೊಳ್ಳುವ ಲೈಸೆನ್ಸ್ ಇರುವ ರಫ್ತುದಾರರನ್ನು. ಎರಡು ಮೂರು ಹೆಸರು ಇಟ್ಟುಕೊಳ್ಳಿ. ಪ್ರತಿಯೊಬ್ಬರಿಂದ ಕಂಪನಿ ನೋಂದಣಿ, ಈ ಸಾಲಿನ ಲೈಸೆನ್ಸ್, ಹಿಂದೆ ಭಾರತಕ್ಕೆ ಕಳಿಸಿದ ಮಾಲಿನ ಬಿಲ್ ಆಫ್ ಲೇಡಿಂಗ್ (ಹಡಗಿನ ಕಂಪನಿ ಕೊಡುವ ರಶೀದಿ) ಪ್ರತಿ ಕೇಳಿ. ಅದರಲ್ಲಿ ಮಾಲು ತರಿಸಿದವರ ಹೆಸರಿರುತ್ತದೆ. ಅವರು ಮಂಗಳೂರು, ಕುಂದಾಪುರ ಅಥವಾ ಕೊಲ್ಲಂನವರಾಗಿದ್ದರೆ ಒಂದು ಫೋನ್ ಸಾಕು. ನಮ್ಮಲ್ಲಿ ಬೀಜದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಸ್ಪರ್ಧೆ ಇದ್ದರೂ ಕಳ್ಳನ ಹೆಸರು ಯಾರೂ ಮುಚ್ಚಿಡುವುದಿಲ್ಲ. ದಾರ್ ಎಸ್ ಸಲಾಮ್‌ನಲ್ಲಿರುವ ಭಾರತದ ಹೈಕಮಿಷನ್‌ನ ವಾಣಿಜ್ಯ ವಿಭಾಗಕ್ಕೂ ಒಂದು ಇಮೇಲ್ ಹಾಕಿ. ಹೋಗುವ ಒಂದು ತಿಂಗಳ ಮೊದಲೇ ಹಾಕಿ, ಹಿಂದಿನ ವಾರವಲ್ಲ.

ಹಂತ 3: ಪಾಸ್‌ಪೋರ್ಟ್, ವೀಸಾ, ಚುಚ್ಚುಮದ್ದು

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹೊಸದು ಮಾಡಿಸುವುದಾದರೆ 36 ಪುಟದ್ದಕ್ಕಿಂತ 60 ಪುಟದ್ದು ಮಾಡಿಸಿ. ವ್ಯಾಪಾರಕ್ಕೆ ತಿರುಗುವವರಿಗೆ ಪುಟ ಬೇಗ ಮುಗಿಯುತ್ತದೆ.

ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. ಪ್ರವಾಸಿಗಳ ಸಾಮಾನ್ಯ ವೀಸಾಕ್ಕೆ 50 ಡಾಲರ್, ವ್ಯಾಪಾರದ್ದಕ್ಕೆ 250 ಡಾಲರ್. ಇಲ್ಲೇ ಜನ ಜಾರುವುದು. 200 ಡಾಲರ್ ಉಳಿಸಲು ಪ್ರವಾಸಿ ವೀಸಾದಲ್ಲಿ ಹೋಗಿ ಗೋದಾಮಿನಲ್ಲಿ ಮಾಲು ನೋಡುವುದು ಬೇಡ. ಸಿಕ್ಕಿಬಿದ್ದರೆ ದಂಡ ಮಾತ್ರ ಅಲ್ಲ, ಮುಂದಿನ ಸಲದ ವೀಸಾಕ್ಕೂ ಕಲ್ಲು ಬೀಳುತ್ತದೆ. ಕರೆಸಿಕೊಳ್ಳುವ ಕಂಪನಿಯ ಆಹ್ವಾನ ಪತ್ರ, ನಿಮ್ಮ ಕಂಪನಿಯ ಪತ್ರ, ಹೋಗಿಬರುವ ಟಿಕೆಟ್, ಹೋಟೆಲ್ ಬುಕಿಂಗ್ ಜೋಡಿಸಿ ಮೂರು ನಾಲ್ಕು ವಾರ ಮೊದಲೇ ಹಾಕಿ. ಸರ್ಕಾರದ ವೆಬ್‌ಸೈಟ್‌ನಂತೆಯೇ ಕಾಣುವ ಖಾಸಗಿ ಸೈಟ್‌ಗಳು ಬೇಕಾದಷ್ಟಿವೆ. ವಿಳಾಸ ಎರಡು ಸಲ ನೋಡಿ.

ಹಳದಿ ಜ್ವರದ ಚುಚ್ಚುಮದ್ದು ಬೇಕಾ ಬೇಡವಾ ಎಂಬುದು ನೀವು ಹೋಗುವ ದಾರಿಯ ಮೇಲೆ ನಿಂತಿದೆ. ನೈರೋಬಿ ಅಥವಾ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವವರು ಕೀನ್ಯಾ, ಇಥಿಯೋಪಿಯಾ ಮುಟ್ಟಿ ಹೋದಂತೆ ಲೆಕ್ಕಕ್ಕೆ ಬರಬಹುದು. ಎರಡೂ ಹಳದಿ ಜ್ವರದ ದೇಶಗಳು. ಪ್ರಮಾಣಪತ್ರ ಇಲ್ಲದೆ ಅಂಥ ಕಡೆಯಿಂದ ವಾಪಸ್ ಬಂದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಆದ್ದರಿಂದ ಸುಮ್ನೆ ಲೆಕ್ಕ ಹಾಕುತ್ತಾ ಕೂರುವ ಬದಲು ಹಾಕಿಸಿಕೊಂಡುಬಿಡಿ. ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಮಾತ್ರ ಹಾಕಿಸಬೇಕು, ಅಲ್ಲಿ ಕೊಡುವ ಹಳದಿ ಪುಸ್ತಕಕ್ಕೇ ಬೆಲೆ. ಚುಚ್ಚಿದ 10 ದಿನದ ನಂತರವೇ ಅದು ಊರ್ಜಿತ. ಹೊರಡುವ ಮುನ್ನಾದಿನ ಓಡಿ ಪ್ರಯೋಜನವಿಲ್ಲ. ಒಳ್ಳೆಯ ಸಂಗತಿ ಎಂದರೆ 2016ರಿಂದ ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಮೊದಲು ವೈದ್ಯರಲ್ಲಿ ಮಾತಾಡಿ.

ಮಲೇರಿಯಾ ವಿಷಯ. ಮಂಗಳೂರಿನವರಿಗೆ ಮಲೇರಿಯಾ ಹೊಸದಾ ಎಂದು ನಾನೂ ಉಡಾಫೆ ಮಾಡಿದ್ದೆ. ನಮ್ಮ ಡಾಕ್ಟ್ರು ಬೈದರು. ನಮ್ಮಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್. ಅಲ್ಲಿಯದು ಬಹುಪಾಲು ಫಾಲ್ಸಿಪಾರಂ, ಮಿದುಳಿಗೆ ಏರುವ ಜಾತಿ. ತಡೆಗಟ್ಟುವ ಮಾತ್ರೆ ಹೋಗುವ ಮೊದಲೇ ಶುರು ಮಾಡಿ ಬಂದ ಮೇಲೂ ಮುಂದುವರಿಸಬೇಕು. ಯಾವುದು, ಎಷ್ಟು ದಿನ ಎಂದು ವೈದ್ಯರೇ ಬರೆದುಕೊಡಲಿ.

ಹಂತ 4: ಟಿಕೆಟ್

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಉಂಟು. ದುಬೈಯಿಂದ ದಾರ್ ಎಸ್ ಸಲಾಮ್‌ಗೂ ಉಂಟು. ಎರಡನ್ನೂ ಬೇರೆ ಬೇರೆಯಾಗಿ ಅಗ್ಗದಲ್ಲಿ ಬುಕ್ ಮಾಡಿದರೆ ಆಯಿತಲ್ವಾ ಎನಿಸುತ್ತದೆ. ಆಗುವುದಿಲ್ಲ. ಟಿಕೆಟ್ ಬೇರೆ ಬೇರೆ ಆದರೆ ನಿಮ್ಮ ಪೆಟ್ಟಿಗೆ ದುಬೈಯಲ್ಲೇ ಇಳಿಯುತ್ತದೆ. ಅದನ್ನು ಎತ್ತಿ ಮತ್ತೆ ಕೊಡಲು ನೀವು ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು. ಅದಕ್ಕೆ ಅಲ್ಲಿನ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಇಡೀ ದಾರಿ ಒಂದೇ ಟಿಕೆಟ್‌ನಲ್ಲಿ ಇರಲಿ.

ನಾನು ಹೋದದ್ದು ಮುಂಬೈ ಮೂಲಕ. ಮುಂಬೈಯಿಂದ ದಾರ್‌ಗೆ ಏರ್ ಟಾಂಜಾನಿಯಾದ ನೇರ ವಿಮಾನ ಇದೆ, ಆದರೆ ವಾರದ ಎಲ್ಲ ದಿನ ಅಲ್ಲ. ಭೇಟಿಯ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಮಂಗಳೂರು–ಮುಂಬೈ ವಿಮಾನ ಮತ್ತು ಮುಂದಿನದರ ನಡುವೆ ಅರ್ಧ ದಿನ ಬಿಡಿ. ನಮ್ಮದು ಗುಡ್ಡದ ಮೇಲಿನ ರನ್‌ವೇ, ಮಳೆಯೋ ಮಂಜೋ ಬಂದರೆ ವಿಮಾನ ಬೇರೆ ಊರಿಗೆ ತಿರುಗಿಬಿಡುತ್ತದೆ.

ದಾರ್‌ನಿಂದ ಮ್ಟ್ವಾರಾಕ್ಕೆ ರಸ್ತೆಯಲ್ಲಿ ಸುಮಾರು 550 ಕಿ.ಮೀ. ವಿಮಾನದಲ್ಲಿ ಒಂದು ಗಂಟೆ. ಹೋಗುವಾಗ ವಿಮಾನದಲ್ಲಿ ಹೋಗಿ. ಬರುವಾಗ ಪುರುಸೊತ್ತಿದ್ದರೆ ಲಿಂಡಿ ಮೂಲಕ ಕಾರಿನಲ್ಲಿ ಬನ್ನಿ. ತೋಟ, ಗೋದಾಮು, ರಸ್ತೆ ಬದಿಯ ಲಾರಿ ಸಾಲು ಎಲ್ಲ ಕಾಣುತ್ತದೆ.

ಹಂತ 5: ದುಡ್ಡು ಮತ್ತು ಫೋನ್

ಅಲ್ಲಿನ ನಾಣ್ಯ ಶಿಲ್ಲಿಂಗ್. ಇಲ್ಲಿಂದ ಒಯ್ಯುವುದು ಡಾಲರ್. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್‌ವರೆಗೆ ಕೊಳ್ಳಬಹುದು, ಉಳಿದದ್ದು ಕಾರ್ಡ್‌ನಲ್ಲಿ. ನಿಮಗೆ ಅಷ್ಟೇನೂ ಬೇಕಾಗುವುದಿಲ್ಲ. ಕೊಳ್ಳುವಾಗ ಹೊಸ ನೋಟೇ ಕೇಳಿ. ಹಳೆಯ ಸರಣಿಯ, ಮಡಚಿದ, ಗೀಚಿದ ಡಾಲರ್ ನೋಟನ್ನು ಪೂರ್ವ ಆಫ್ರಿಕಾದಲ್ಲಿ ಮುಟ್ಟುವುದೇ ಇಲ್ಲ. ನನ್ನ ಒಂದು ನೂರರ ನೋಟಿನ ಮೂಲೆಯಲ್ಲಿ ಶಾಯಿ ಚುಕ್ಕೆ ಇತ್ತು. ನಾಲ್ಕು ಅಂಗಡಿ ತಿರುಗಿ ಅದು ನನ್ನ ಜೊತೆಯೇ ಕಾರ್ಕಳಕ್ಕೆ ವಾಪಸ್ ಬಂತು.

ಯುಪಿಐ ಮರೆತುಬಿಡಿ. ಅಲ್ಲಿ ಮೊಬೈಲ್ ದುಡ್ಡು ಎಂದರೆ ಎಂ-ಪೆಸಾ ಮುಂತಾದವು. ಕಾರ್ಡ್‌ನ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಅದಕ್ಕಿಂತ ದೊಡ್ಡದು ಒಟಿಪಿ. ಅದು ಬರುವುದು ನಿಮ್ಮ ಊರಿನ ನಂಬರಿಗೆ. ಮಾತಿಗೆ, ಇಂಟರ್ನೆಟ್‌ಗೆ ಅಲ್ಲಿನ ಸಿಮ್ ತೆಗೆದುಕೊಂಡರೂ ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿ ಎರಡನೇ ಜಾಗದಲ್ಲಿ ಇಡಿ. ಅಲ್ಲಿನ ಸಿಮ್‌ಗೆ ಪಾಸ್‌ಪೋರ್ಟ್ ತೋರಿಸಿ ಬೆರಳಚ್ಚು ಕೊಡಬೇಕು.

ಒಂದು ಅಡ್ಡ ಮಾತು. ದಾರ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದ ಬೋರ್ಡ್ ಕಂಡಾಗ ನನಗೆ ಯಾಕೋ ಖುಷಿಯಾಯಿತು. 1931ರಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಅದರೊಳಗೇ ಸೇರಿಹೋಯಿತಲ್ಲ. ಅಷ್ಟು ದೂರದಲ್ಲೂ ನಂಟು ಹುಡುಕುವ ನಮ್ಮ ಬುದ್ಧಿ.

ಹಂತ 6: ಪೆಟ್ಟಿಗೆ

ತೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲ, ಒಯ್ಯಬೇಡಿ. ನಮ್ಮ ಊರಲ್ಲಿ ಚಪ್ಪಲಿಗೊಂದು ತೊಟ್ಟೆ, ಒದ್ದೆ ಬಟ್ಟೆಗೊಂದು ತೊಟ್ಟೆ, ಉಪ್ಪಿನಕಾಯಿಗೆ ಎರಡು ತೊಟ್ಟೆ. ಟಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ವಿಮಾನದಲ್ಲಿ ಬರುವವರೂ ತರಬಾರದು. ಸೋಪು, ಪೇಸ್ಟ್ ಇಡುವ ಜಿಪ್ ಚೀಲಕ್ಕೆ ತೊಂದರೆ ಇಲ್ಲ. ಉಳಿದದ್ದಕ್ಕೆ ಬಟ್ಟೆ ಚೀಲ.

ಪ್ಲಗ್‌ಗೆ ಚಪ್ಪಟೆ ಮೂರು ಕಾಲಿನ ಅಡಾಪ್ಟರ್ ಬೇಕು, ದುಬೈಯಲ್ಲಿ ಬಳಸುವುದೇ. ಕೆಲಸದ ಸಾಮಾನು ಮರೆಯಬೇಡಿ: ಬೀಜ ಕತ್ತರಿಸುವ ಕತ್ತರಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿ, ತೇವಾಂಶದ ಮೀಟರ್. ಕತ್ತರಿ ದೊಡ್ಡ ಪೆಟ್ಟಿಗೆಯಲ್ಲಿ, ಬಿಡಿ ಬ್ಯಾಟರಿ ಕೈಚೀಲದಲ್ಲಿ. ಕೊಡಲು ಒಂದೆರಡು ಕಿಲೋ ನಿಮ್ಮದೇ ಕಾರ್ಖಾನೆಯ ಗೋಡಂಬಿ ಪ್ಯಾಕ್ ಮಾಡಿ ಒಯ್ಯಿರಿ. ಅವರ ಬೀಜ ನಮ್ಮಲ್ಲಿ ಏನಾಗುತ್ತದೆ ಎಂದು ನೋಡಿ ಮ್ಟ್ವಾರಾದ ಗೋದಾಮಿನವರು ಪಟ್ಟ ಖುಷಿ ಯಾವ ವಿಸಿಟಿಂಗ್ ಕಾರ್ಡೂ ಕೊಡಲಾರದು.

ಊಟದ ಚಿಂತೆ ಜಾಸ್ತಿ ಬೇಡ. ತೆಂಗಿನ ಹಾಲಿನ ಅನ್ನ, ಮೀನು, ಬೀನ್ಸ್, ಮರಗೆಣಸು ಎಲ್ಲ ಸಿಗುತ್ತದೆ. 'ಮ್ಚಿಚಾ' ಎಂದು ಬಡಿಸಿದ್ದು ನೋಡಿದರೆ ನಮ್ಮ ಹರಿವೆ ಸೊಪ್ಪು! ಸಸ್ಯಾಹಾರಿಗಳಿಗೆ ದಾರ್‌ನ ಕಿಸುಟು ಕಡೆ ಗುಜರಾತಿ ಊಟ ಉಂಟು. ಮ್ಟ್ವಾರಾ ಕಡೆಗೆ ಅವಲಕ್ಕಿ, ಚಟ್ನಿಪುಡಿ ಇರಲಿ.

ಹಂತ 7: ಇಳಿದ ಮೇಲೆ, ಗಂಟೆಯ ಲೆಕ್ಕ

ಟಾಂಜಾನಿಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಇದು ಫೋನ್ ತಾನಾಗಿಯೇ ಸರಿ ಮಾಡಿಕೊಳ್ಳುತ್ತದೆ. ಫೋನ್‌ಗೆ ಗೊತ್ತಾಗದ ಇನ್ನೊಂದು ಲೆಕ್ಕ ಇದೆ.

ಮೊದಲ ದಿನ ಡ್ರೈವರ್ "ನಾಳೆ ಮೂರು ಗಂಟೆಗೆ ಬರುತ್ತೇನೆ" ಎಂದ. ಮಧ್ಯಾಹ್ನದವರೆಗೆ ಬಿಡುವು ಎಂದು ನಾನು ಆರಾಮಾಗಿ ಮಲಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಬಡಿದ. ಅಲ್ಲಿನ ಸ್ವಾಹಿಲಿ ಭಾಷೆ ಮಾತಾಡುವವರು ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಏಳು ಅವರ ಒಂದು, ನಮ್ಮ ಒಂಬತ್ತು ಅವರ ಮೂರು. ಪಂಚಾಂಗದಲ್ಲಿ ಉದಯದಿಂದ ಗಳಿಗೆ ಎಣಿಸುವ ನಮಗೆ ಇದು ಅರ್ಥವಾಗಲೇಬೇಕಿತ್ತು, ಆದರೆ ಹೊಳೆಯಲಿಲ್ಲ. ಅಂದಿನಿಂದ ಯಾವ ಭೇಟಿ ಇದ್ದರೂ "ಬೆಳಿಗ್ಗೆಯಾ, ಊಟದ ನಂತರವಾ?" ಎಂದು ಕೇಳಿ, ಗಡಿಯಾರದ ಮೇಲೆ ಬೆರಳಿಟ್ಟು ತೋರಿಸಿ ಖಚಿತ ಮಾಡಿಕೊಳ್ಳುತ್ತೇನೆ.

ಎರಡನೆಯದು ನಮಸ್ಕಾರ. ಕೂತ ಕೂಡಲೇ "ರೇಟ್ ಎಷ್ಟು" ಎಂದು ಶುರು ಮಾಡಬೇಡಿ. ಪ್ರಯಾಣ ಹೇಗಾಯಿತು, ಮನೆಯವರು ಹೇಗಿದ್ದಾರೆ, ಕೆಲಸ ಹೇಗೆ ಎಂದು ಐದು ನಿಮಿಷ ಹೋಗುತ್ತದೆ. ಹಿರಿಯರಿಗೆ "ಶಿಕಮೂ" ಎನ್ನಬೇಕು. ಅವರು "ಮರಹಬಾ" ಎನ್ನುತ್ತಾರೆ. ಸಮವಯಸ್ಕರಿಗೆ "ಹಬಾರಿ" ಸಾಕು. ಧನ್ಯವಾದಕ್ಕೆ "ಅಸಾಂತೆ". ಗೇರುಬೀಜಕ್ಕೆ "ಕೊರೊಶೊ". ಅಂಗಡಿಗೆ "ದುಕಾ", ಗಾಡಿಗೆ "ಗಾರಿ", ಚಹಾಕ್ಕೆ "ಚಾಯ್", ಚಪಾತಿಗೆ ಚಪಾತಿಯೇ. ಆಟೋರಿಕ್ಷಾಕ್ಕೆ "ಬಜಾಜಿ" ಎನ್ನುತ್ತಾರೆ, ಯಾಕೆ ಎಂದು ಹೇಳಬೇಕಾಗಿಲ್ಲ.

ಬಂದರು, ಸರ್ಕಾರಿ ಕಟ್ಟಡ, ಪೊಲೀಸರ ಫೋಟೋ ತೆಗೆಯಬೇಡಿ.

ಹಂತ 8: ಗೋದಾಮಿನಲ್ಲಿ

ಇದಕ್ಕೇ ನೀವು ಅಷ್ಟು ದೂರ ಹೋದದ್ದು. ಅವಸರ ಬೇಡ.

ಬಾಗಿಲ ಹತ್ತಿರದ ಚೀಲದಿಂದ ಮಾತ್ರ ಸ್ಯಾಂಪಲ್ ತೆಗೆದುಕೊಟ್ಟರೆ ಒಪ್ಪಬೇಡಿ. ಒಳಗಿನ ಸಾಲು, ಕೆಳಗಿನ ಸಾಲು, ಗೋಡೆ ಬದಿ, ಎಲ್ಲ ಕಡೆಯಿಂದ ತೆಗೆಸಿ. ರಾಶಿ ಮಾಡಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಮತ್ತೆ ಕಲಸಿ, ಒಂದು ಕಿಲೋ ಆಗುವವರೆಗೆ ಇಳಿಸಿ. ಮೊದಲು ಒಂದು ಕಿಲೋದಲ್ಲಿ ಎಷ್ಟು ಬೀಜ ಎಂದು ಎಣಿಸಿ. ಆಮೇಲೆ ಎಲ್ಲವನ್ನೂ ಕತ್ತರಿಸಿ. ಒಳ್ಳೆಯ ತಿರುಳು ಒಂದು ಕಡೆ, ಚುಕ್ಕೆ ಬಿದ್ದದ್ದು, ಎಳೆಯದು ಇನ್ನೊಂದು ಕಡೆ, ಕೊಳೆತದ್ದು, ಟೊಳ್ಳು ಹೊರಗೆ. ಒಳ್ಳೆಯದರ ತೂಕಕ್ಕೆ ಎರಡನೇ ಗುಂಪಿನ ಅರ್ಧ ತೂಕ ಸೇರಿಸಿ.

ಔಟ್‌ಟರ್ನ್ ಎಂದರೆ 80 ಕಿಲೋ ಚೀಲದಲ್ಲಿ ಎಷ್ಟು ಪೌಂಡ್ ತಿರುಳು ಎಂಬ ಲೆಕ್ಕ. ನಿಮ್ಮ ತಕ್ಕಡಿ 284 ಗ್ರಾಂ ತೋರಿಸಿದರೆ ಅದನ್ನು 80ರಿಂದ ಗುಣಿಸಿ 453.6ರಿಂದ ಭಾಗಿಸಿ. 50 ಪೌಂಡ್ ಬರುತ್ತದೆ. ಒಂದು ಪೌಂಡ್ ಹೆಚ್ಚುಕಡಿಮೆ ಆದರೆ ಏನು ಮಹಾ ಎನ್ನಬೇಡಿ. 16 ಟನ್ ಮಾಲಿನಲ್ಲಿ 80 ಕಿಲೋದ 200 ಚೀಲ. ಚೀಲಕ್ಕೊಂದು ಪೌಂಡ್ ಕಡಿಮೆ ಎಂದರೆ 90 ಕಿಲೋ ತಿರುಳು ಹೋಯಿತು. ಇಂದಿನ ಗೋಡಂಬಿ ರೇಟಿನಲ್ಲಿ ನೀವೇ ಗುಣಿಸಿ ನೋಡಿ.

ತೇವಾಂಶ ಶೇಕಡಾ ಹತ್ತರ ಒಳಗಿರಬೇಕು. ಅದಕ್ಕಿಂತ ಮೇಲಿದ್ದರೆ ಕಂಟೇನರ್ ಒಳಗೆ ಬೆವರಿ, ಪಣಂಬೂರು ಮುಟ್ಟುವಾಗ ಬೂಸ್ಟು ಹಿಡಿದಿರುತ್ತದೆ. ನಮ್ಮ ಆ ಎರಡು ಲೋಡಿನ ಕಥೆ ಇದೇ ಎಂದು ನನಗೆ ಗೊತ್ತಾದದ್ದು ಮ್ಟ್ವಾರಾದಲ್ಲಿ, ಮೀಟರ್ ಹನ್ನೆರಡು ತೋರಿಸಿದ ಒಂದು ಗೋದಾಮಿನಲ್ಲಿ ನಿಂತಾಗ. ಅಲ್ಲಿಂದ ನಯವಾಗಿ ಚಾಯ್ ಕುಡಿದು ಎದ್ದು ಬಂದೆ.

ಹಂತ 9: ಮಾತುಕತೆ

ಕೈಗೆ ದುಡ್ಡು ಕೊಡಬೇಡಿ. ಟೋಕನ್ ಎಂದು ನೂರು ಡಾಲರೂ ಬೇಡ. ಏನಿದ್ದರೂ ಬ್ಯಾಂಕ್ ಮೂಲಕ, ಎಲ್‌ಸಿ (ಕಾಗದ ಸರಿ ಇದ್ದರೆ ದುಡ್ಡು ಕೊಡುತ್ತೇವೆ ಎಂಬ ಬ್ಯಾಂಕಿನ ಭರವಸೆ ಪತ್ರ) ಮೂಲಕ. ಆದರೆ ಎಲ್‌ಸಿ ಇದೆಯಲ್ಲ ಎಂದು ನಿದ್ದೆ ಮಾಡಬೇಡಿ. ಬ್ಯಾಂಕ್ ನೋಡುವುದು ಕಾಗದವನ್ನು, ಬೀಜವನ್ನಲ್ಲ. ಕಾಗದ ಸರಿ ಇದ್ದರೆ ಕೊಳೆತ ಮಾಲಿಗೂ ದುಡ್ಡು ಹೋಗುತ್ತದೆ. ಹಾಗಾಗಿ ಲೋಡ್ ಆಗುವಾಗ ಹೊರಗಿನ ಸರ್ವೇಯರ್ (ಮಾಲು ಪರೀಕ್ಷಿಸುವವರು) ಕೊಟ್ಟ ಔಟ್‌ಟರ್ನ್, ತೇವಾಂಶದ ವರದಿಯನ್ನೂ ಎಲ್‌ಸಿಯ ಕಾಗದಗಳ ಪಟ್ಟಿಯಲ್ಲಿ ಬರೆಸಿ. ಇಷ್ಟು ಪೌಂಡ್ ಇಳಿದರೆ ಇಷ್ಟು ರೇಟ್ ಕಡಿತ, ಇದಕ್ಕಿಂತ ಕೆಳಗಾದರೆ ಮಾಲು ಬೇಡ ಎಂಬುದು ಒಪ್ಪಂದದಲ್ಲೇ ಇರಲಿ. ಮೂಲ ದೇಶದ ಪ್ರಮಾಣಪತ್ರವನ್ನೂ ಮರೆಯಬೇಡಿ. ಹಿಂದುಳಿದ ದೇಶಗಳ ಮಾಲಿಗೆ ಭಾರತ ಕೊಡುವ ಸುಂಕದ ರಿಯಾಯಿತಿಗೆ ಅದೇ ಆಧಾರ.

ಅಲ್ಲೇ ಸಹಿ ಹಾಕಿ ಎಂದು ಒತ್ತಾಯ ಬಂದರೆ, "ನಮ್ಮಲ್ಲಿ ಅಪ್ಪನನ್ನು ಕೇಳದೆ ಮಾಡುವ ಕ್ರಮ ಇಲ್ಲ" ಎಂದುಬಿಡಿ. ಅಲ್ಲಿಯವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಹಂತ 10: ವಾಪಸ್

ಹಸಿ ಬೀಜದ ಸ್ಯಾಂಪಲ್ ಪೆಟ್ಟಿಗೆಯಲ್ಲಿ ತುಂಬಿಸಿ ತರಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ಬೀಜವನ್ನು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಕತ್ತರಿಸಿದ್ದರ ಫೋಟೋ, ತೂಕದ ಚೀಟಿ ಸಾಕು. ಉಳಿದ ಶಿಲ್ಲಿಂಗನ್ನು ದಾರ್‌ನಲ್ಲೇ ಬದಲಿಸಿ. ನಮ್ಮ ಊರಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ವಿಮಾನದಲ್ಲೇ ಕೂತು ಬರೆದುಬಿಡಿ: ಯಾರು ಏನು ಹೇಳಿದರು, ಯಾವ ಗೋದಾಮಿನ ಮೀಟರ್ ಎಷ್ಟು, ಯಾರು ಲೈಸೆನ್ಸ್ ತೋರಿಸಲು ತಡವರಿಸಿದರು. ಮನೆ ಮುಟ್ಟಿದ ಮೇಲೆ ಎಲ್ಲ ಗೋದಾಮೂ ಒಂದೇ ಥರ ನೆನಪಾಗುತ್ತವೆ. ವಾರದೊಳಗೆ ಎಲ್ಲರಿಗೂ ಒಂದು ಸಾಲಿನ ಕೃತಜ್ಞತೆ ಕಳಿಸಿ, ವ್ಯಾಪಾರ ಮಾಡದವರಿಗೂ.

ಬಂದ ಮೇಲೆ ಒಂದೆರಡು ತಿಂಗಳೊಳಗೆ ಜ್ವರ ಬಂದರೆ ಶೀತ, ಮಳೆ ಎಂದು ಮನೆಯಲ್ಲಿ ಕಷಾಯ ಕುಡಿದು ಮಲಗಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟ್ರ ಎದುರು ಕೂತ ಕೂಡಲೇ, ಅವರು ಕೇಳುವ ಮೊದಲೇ, ಟಾಂಜಾನಿಯಾಕ್ಕೆ ಹೋಗಿ ಬಂದಿದ್ದೇನೆ ಎಂದು ಹೇಳಿ.